ನಾಟ್ಸ್ ಸ್ಕೇರಿ ಫಾರ್ಮ್‌ನಲ್ಲಿ ಎರಡು ರಾತ್ರಿ

ನಾಟ್ಸ್ ಸ್ಕೇರಿ ಫಾರ್ಮ್ ಅಂದರೆ ಹ್ಯಾಲೋವೀನ್ ಅನ್ನುವ ದೆವ್ವದ ಹಬ್ಬದ ಸಮಯದಲ್ಲಿ ಜನರನ್ನು ಹೆದರಿಸುವುದಕ್ಕೆಂದೇ ರಾತ್ರಿ ತೆರೆಯುವ ಪಾರ್ಕು. ಮೊದಲ ವರ್ಷ ನಾವು ಅಲ್ಲಿ ಆರು ಗಂಟೆ ಇದ್ದೆವು, ನೋಡಿದ್ದು ಮೂರೇ ಮೂರು ದೆವ್ವದ ಮನೆ. ಮಿಕ್ಕ ಹೊತ್ತೆಲ್ಲ ಸಾಲಿನಲ್ಲೇ ಕಳೆಯಿತು. ಜೊತೆಗೆ ಬಂದಿದ್ದ ಗೆಳತಿಯ ಮಗನಿಗೆ ಒಂಬತ್ತು ವರ್ಷ. ಗೇಟು ದಾಟಿ ಹತ್ತು ನಿಮಿಷ ಆಗಿರಲಿಲ್ಲ, ಅಮ್ಮನ ಸೊಂಟ ತಬ್ಬಿಕೊಂಡು ಅಳುವುದಕ್ಕೆ ಶುರು ಮಾಡಿದ. ಅವರು ಎಂಟೂವರೆಗೆಲ್ಲ ವಾಪಸ್ ಹೋದರು. ನನಗೆ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿ ಸುಲಿದಿತ್ತು. ನಮ್ಮನೆಯವರಿಗೆ ಹಸಿವಿಗೆ ತಲೆನೋವು ಬಂದಿತ್ತು. ಕಾರು ಹತ್ತುವಾಗ ಇಬ್ಬರೂ ಮಾತಾಡಲಿಲ್ಲ.

ಮರುವರ್ಷ ಅದೇ ಜಾಗಕ್ಕೆ ಮತ್ತೆ ಹೋದೆವು. ಎಂಟು ಮನೆ ನೋಡಿದೆವು, ಒಂದಕ್ಕೆ ಎರಡು ಸಲ ಹೊಕ್ಕೆವು, ಮಧ್ಯೆ ಆರಾಮಾಗಿ ಕೂತು ಪೈ ತಿಂದೆವು, ಕಿರುಚಿ ನಕ್ಕು ಕಿರುಚಿ ನಕ್ಕು ನನ್ನ ಗಂಟಲು ಕಟ್ಟಿಹೋಗಿತ್ತು. ಈ ಎರಡು ರಾತ್ರಿಗಳ ನಡುವೆ ಏನು ಬದಲಾಯಿತು ಅನ್ನುವುದನ್ನು ಬರೆದಿಡಬೇಕು ಅನ್ನಿಸಿತು, ಯಾಕೆಂದರೆ ಇಲ್ಲಿ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ ಅಕ್ಟೋಬರ್ ಬಂತೆಂದರೆ ನಮ್ಮ ಕನ್ನಡದವರಲ್ಲಿ ಯಾರಾದರೊಬ್ಬರು ಕೇಳುತ್ತಲೇ ಇರುತ್ತಾರೆ, ಹೇಗಿರುತ್ತೆ, ನಾವೂ ಹೋಗಬಹುದಾ ಅಂತ. ಖಂಡಿತ ಹೋಗಿ. ಆದರೆ ಮನಸ್ಸಾದ ಕೂಡಲೇ ಹೊರಟುಬಿಡಬೇಡಿ, ಸ್ವಲ್ಪ ತಯಾರಿ ಬೇಕು.

ನಾನು ಹೇಳುತ್ತಿರುವುದು ನಾಟ್ಸ್ ಬೆರಿ ಫಾರ್ಮ್ ಬಗ್ಗೆ. ಆರೆಂಜ್ ಕೌಂಟಿಯ ಬ್ಯೂನಾ ಪಾರ್ಕ್ ಅನ್ನುವ ಊರಿನಲ್ಲಿದೆ, ಡಿಸ್ನಿಲ್ಯಾಂಡ್‌ಗೆ ಹತ್ತಿರ. ಹ್ಯಾಲೋವೀನ್ ಸಮಯದಲ್ಲಿ ಸಂಜೆಯಾದರೆ ಇದೇ ಪಾರ್ಕು ನಾಟ್ಸ್ ಸ್ಕೇರಿ ಫಾರ್ಮ್ ಆಗುತ್ತದೆ. 1973ರಲ್ಲಿ ಬರೀ ಮೂರು ರಾತ್ರಿ ಅಂತ ಶುರುವಾದದ್ದು. ಈಗ ಸೆಪ್ಟೆಂಬರ್ ಕೊನೆಯ ಭಾಗದಿಂದ ಅಕ್ಟೋಬರ್ ಮುಗಿಯುವವರೆಗೆ ವಾರದಲ್ಲಿ ಕೆಲವು ರಾತ್ರಿ ನಡೆಯುತ್ತದೆ. ಯೂನಿವರ್ಸಲ್ ಸ್ಟುಡಿಯೋ ಪಾರ್ಕಿನವರ ಹ್ಯಾಲೋವೀನ್ ಹಾರರ್ ನೈಟ್ಸ್ ಹೆಸರು ನೀವು ಜಾಸ್ತಿ ಕೇಳಿರಬಹುದು, ಅದು ಫ್ಲಾರಿಡಾದಲ್ಲಿ ಶುರುವಾದದ್ದು 1991ರಲ್ಲಿ. ನಾಟ್ಸ್ ಅದಕ್ಕೆ ಹಿರಿಯಣ್ಣ. ನನಗೆ ನಾಟ್ಸೇ ಹೆಚ್ಚು ಇಷ್ಟ. ಅದಕ್ಕೆ ಕಾರಣ ಆ ಜಾಗವೇ.

ವಾಲ್ಟರ್ ನಾಟ್ ಬೆರಿ ಬೆಳೆಯುತ್ತಿದ್ದ ರೈತ. ಬಾಯ್ಸನ್‌ಬೆರಿ ಅನ್ನುವ ಹಣ್ಣನ್ನು ಜನರಿಗೆ ಪರಿಚಯ ಮಾಡಿಸಿದ್ದು ಅವರೇ. 1934ರಲ್ಲಿ ಒಂದು ಸಂಜೆ ಅವರ ಹೆಂಡತಿ ಕಾರ್ಡೀಲಿಯಾ ಎಂಟು ಜನಕ್ಕೆ ಕೋಳಿ ಊಟ ಹಾಕಿದರು, ತಮ್ಮ ಮದುವೆಯ ಪಿಂಗಾಣಿ ತಟ್ಟೆಗಳಲ್ಲಿ, ಒಂದು ಊಟಕ್ಕೆ 65 ಸೆಂಟ್. ಆ ಊಟದ ರುಚಿ ಊರೆಲ್ಲ ಹಬ್ಬಿ ಜನ ಗಂಟೆಗಟ್ಟಲೆ ಕಾಯುವಂತಾಯಿತು. ಕಾಯುವವರಿಗೆ ನೋಡುವುದಕ್ಕೆ ಏನಾದರೂ ಇರಲಿ ಅಂತ ವಾಲ್ಟರ್ 1940ರಲ್ಲಿ ಘೋಸ್ಟ್ ಟೌನ್, ಅಂದರೆ ಜನ ಬಿಟ್ಟುಹೋದ ಹಳೇ ಊರಿನಂಥ ಬೀದಿ, ಕಟ್ಟುವುದಕ್ಕೆ ಶುರು ಮಾಡಿದರು, ಪಾಳುಬಿದ್ದ ಹಳೇ ಊರುಗಳಿಂದ ಕಟ್ಟಡಗಳನ್ನೂ ತಂದು ನಿಲ್ಲಿಸಿದರು. ಅಂದರೆ ಈ ಪಾರ್ಕು ಹುಟ್ಟಿದ್ದೇ ಸಾಲಿನಲ್ಲಿ ನಿಂತವರ ಬೇಜಾರು ಕಳೆಯುವುದಕ್ಕೆ. ಅದಕ್ಕೇ ಆ ಮರದ ಬೀದಿ, ಆ ಹಳೇ ಅಂಗಡಿ ಸಾಲು ಹಗಲಲ್ಲೂ ಒಂಥರಾ ಮೌನವಾಗಿ ಕಾಣುತ್ತದೆ. ರಾತ್ರಿ ಅದರೊಳಗೆ ಹೊಗೆ ಬಿಟ್ಟರೆ ಮುಗಿಯಿತು.

ಮೊದಲ ವರ್ಷ ನಾವು ಆರಿಸಿಕೊಂಡದ್ದು ಅಕ್ಟೋಬರ್ ಕೊನೆಯ ಶನಿವಾರ. ಎಲ್ಲರಿಗೂ ರಜೆ, ಅದೇ ಒಳ್ಳೆಯದು ಅಂದುಕೊಂಡೆವು. ಆರೆಂಜ್ ಕೌಂಟಿಯ ಅರ್ಧ ಜನ ಹಾಗೇ ಅಂದುಕೊಂಡಿರುತ್ತಾರೆ. ಟಿಕೆಟ್ ದರ ಕೂಡ ರಾತ್ರಿಯಿಂದ ರಾತ್ರಿಗೆ ಬೇರೆ, ಶನಿವಾರ ಜಾಸ್ತಿ, ಗುರುವಾರ ಭಾನುವಾರ ಕಡಿಮೆ. ಹಗಲಿನ ಟಿಕೆಟ್ಟಾಗಲೀ ಸೀಸನ್ ಪಾಸಾಗಲೀ ಇದಕ್ಕೆ ನಡೆಯುವುದಿಲ್ಲ, ಇದರ ಟಿಕೆಟ್ ಬೇರೆಯೇ ತೆಗೆದುಕೊಳ್ಳಬೇಕು, ಹಗಲಿಗೆ ಬಂದವರನ್ನು ಸಂಜೆ ಹೊರಗೆ ಕಳಿಸಿಯೇ ರಾತ್ರಿಯ ಗೇಟು ತೆಗೆಯುತ್ತಾರೆ. ಪಾರ್ಕಿಂಗ್ ದುಡ್ಡು ಇನ್ನೊಂದು. ಇಷ್ಟು ಖರ್ಚು ಮಾಡಿ ಶನಿವಾರ ಹೋಗಿ ಸಾಲಿನಲ್ಲಿ ನಿಲ್ಲುವುದಕ್ಕಿಂತ, ಒಂದು ದಿನ ಆಫೀಸಿನಿಂದ ಬೇಗ ಹೊರಟು ಗುರುವಾರ ಹೋಗುವುದು ಎಷ್ಟೋ ಮೇಲು. ಅದೂ ಸೆಪ್ಟೆಂಬರ್‌ನಲ್ಲೇ, ಶುರುವಾದ ಮೊದಲ ಎರಡು ವಾರದಲ್ಲಿ. ಜನ ಇನ್ನೂ ಹ್ಯಾಲೋವೀನ್ ಗುಂಗಿಗೆ ಬಂದಿರುವುದಿಲ್ಲ. ನನ್ನ ಮಟ್ಟಿಗೆ ಅತಿ ದೊಡ್ಡ ಉಪಾಯ ಇದೇ, ಮಿಕ್ಕಿದ್ದೆಲ್ಲ ಇದರ ನಂತರ.

ಸಾಲು ತಪ್ಪಿಸುವುದಕ್ಕೆ ಫಾಸ್ಟ್ ಲೇನ್ ಅಂತ ಹೆಚ್ಚು ದುಡ್ಡಿನ ಪಾಸು ಸಿಗುತ್ತದೆ. ಗುರುವಾರ ಹೋಗುವವರಿಗೆ ಅದು ಬೇಡ. ಊರಿಂದ ಯಾರೋ ಬಂದಿದ್ದಾರೆ, ಅವರಿಗೆ ಅಕ್ಟೋಬರ್ ಶನಿವಾರ ಒಂದೇ ಸಾಧ್ಯ ಅಂತಿದ್ದರೆ ಮಾತ್ರ ಅದಕ್ಕೆ ದುಡ್ಡು ಹಾಕಿ.

ಮಕ್ಕಳ ವಿಷಯ ಒಂದನ್ನು ಒತ್ತಿ ಹೇಳಬೇಕು. 13 ವರ್ಷದೊಳಗಿನ ಮಕ್ಕಳಿಗೆ ಇದು ಬೇಡ ಅಂತ ಪಾರ್ಕಿನವರೇ ಹೇಳುತ್ತಾರೆ. ನಾವು ಅದನ್ನು ಓದಿದ್ದೆವು. "ನಮ್ಮ ಹುಡುಗ ಧೈರ್ಯವಂತ, ಟೀವೀಲಿ ಎಲ್ಲಾ ನೋಡ್ತಾನೆ" ಅಂತ ಗೆಳತಿ ಹೇಳಿದಳು, ನಾನೂ ಹೂಂ ಅಂದೆ. ಆ ಮಗುವಿನ ಮುಖ ನನಗೆ ಇವತ್ತಿಗೂ ನೆನಪಿದೆ. ಟೀವೀಲಿ ನೋಡುವಾಗ ಪಕ್ಕದಲ್ಲಿ ಅಮ್ಮ ಇರುತ್ತಾಳೆ, ರಿಮೋಟ್ ಕೈಯಲ್ಲಿರುತ್ತದೆ. ಇಲ್ಲಿ ಮುಖದ ಚರ್ಮ ಕಿತ್ತುಬಂದವನೊಬ್ಬ ಹೊಗೆಯೊಳಗಿಂದ ನೇರ ಅವನ ಕಣ್ಣಿಗೇ ಕಣ್ಣಿಟ್ಟು ಬಗ್ಗುತ್ತಾನೆ. ಮಕ್ಕಳಿಗೆ ಅಂತ ಅಲ್ಲೇ ಹಗಲು ಹೊತ್ತು ಸ್ಪೂಕಿ ಫಾರ್ಮ್ ನಡೆಯುತ್ತದೆ, ವೇಷ ಹಾಕಿಕೊಂಡು ಮಿಠಾಯಿ ಸಂಗ್ರಹಿಸುತ್ತಾ ಓಡಾಡಬಹುದು. ಮುಂದಿನ ವರ್ಷ ಆ ಹುಡುಗ ಅದಕ್ಕೆ ಹೋಗಿ ಚೀಲದ ತುಂಬ ಚಾಕ್ಲೆಟ್ ತಂದ, ನಮ್ಮನೆಗೂ ಬಂದು ತೋರಿಸಿದ. ನನ್ನ ಮನಸ್ಸಿನ ಭಾರ ಅವತ್ತು ಇಳಿಯಿತು.

ಹದಿಹರೆಯದವರನ್ನು ಕರೆದುಕೊಂಡು ಹೋಗುವುದಾದರೆ ಜೊತೆಗೆ 21 ದಾಟಿದ ದೊಡ್ಡವರು ಇರಬೇಕು ಅನ್ನುವ ನಿಯಮವೂ ಇದೆ, ಎಷ್ಟು ವಯಸ್ಸಿನವರೆಗೆ ಅನ್ನುವುದನ್ನು ಆ ವರ್ಷದ ನಿಯಮದಲ್ಲಿ ನೋಡಿಕೊಳ್ಳಿ. ಆಸ್ತಮಾ ಇರುವವರು, ಫಿಟ್ಸ್ ಬರುವವರು, ಹೃದಯದ ತೊಂದರೆ ಇರುವವರು, ಬಸುರಿಯರು ದಯವಿಟ್ಟು ಯೋಚನೆ ಮಾಡಿ. ಹೊಗೆ ಎಲ್ಲ ಕಡೆ ಇರುತ್ತದೆ, ಪಟಪಟ ಮಿನುಗುವ ದೀಪ ಎಲ್ಲ ಮನೆಯಲ್ಲೂ ಇರುತ್ತದೆ ಅಂತಲೇ ಇಟ್ಟುಕೊಳ್ಳಿ.

ಎರಡನೇ ವರ್ಷ ನಾವು ಮೂರು ಜನ. ನಾನು, ನಮ್ಮನೆಯವರು, ಇಲ್ಲಿ ಎಂಎಸ್ ಓದುವುದಕ್ಕೆ ಬಂದಿರುವ ನನ್ನ ಅಕ್ಕನ ಮಗಳು. ಅವಳೇ ಹಟ ಹಿಡಿದು ಹೊರಡಿಸಿದ್ದು. "ಚಿಕ್ಕಮ್ಮ, ಹೋದ ಸಲ ನೀವು ದೆವ್ವ ನೋಡಲಿಲ್ಲ, ಜನ ನೋಡಿದಿರಿ" ಅಂದಳು. ಮಾತು ನಿಜವೇ ಆಗಿತ್ತು.

ನಾಲ್ಕು ಗಂಟೆಗೆ ಮೊದಲು ಆರ್ಟೀಸಿಯಾಗೆ ಹೋದೆವು. ಬ್ಯೂನಾ ಪಾರ್ಕ್‌ನಿಂದ ದೂರವಿಲ್ಲ, ಅಲ್ಲಿನ ಪಯೋನಿಯರ್ ಬುಲ್‌ವಾರ್ಡ್ ತುಂಬ ನಮ್ಮ ದೇಶದ ಅಂಗಡಿ, ಹೋಟೆಲ್ಲು. ಒಂದೊಂದು ಮಸಾಲೆ ದೋಸೆ, ಆಮೇಲೆ ಕಾಫಿ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಸಸ್ಯಾಹಾರಿಗಳಿಗೆ ರಾತ್ರಿ ಪಾರ್ಕಿನೊಳಗೆ ಹೊಟ್ಟೆ ತುಂಬುವಂಥದ್ದು ಸಿಗುವುದು ಕಷ್ಟ, ಸಿಕ್ಕಿದರೂ ಅದಕ್ಕೊಂದು ಸಾಲು. ಅದೇ ಹೊತ್ತಿನಲ್ಲಿ ಒಂದು ದೆವ್ವದ ಮನೆ ನೋಡಬಹುದು. ಮಾಂಸಾಹಾರ ತಿನ್ನುವವರಾದರೆ ಗೇಟಿನ ಹೊರಗೇ ಮಿಸೆಸ್ ನಾಟ್ಸ್ ಚಿಕನ್ ಡಿನ್ನರ್ ರೆಸ್ಟೋರೆಂಟ್ ಇದೆ, ಕಾರ್ಡೀಲಿಯಾ ಶುರು ಮಾಡಿದ ಅದೇ ಊಟ, ಅಲ್ಲಿಗೆ ಹೋಗುವುದಕ್ಕೆ ಪಾರ್ಕಿನ ಟಿಕೆಟ್ ಬೇಕಿಲ್ಲ. ಇನ್ನು ಕೆಲವರು ಸಂಜೆಯ ಬಫೆ ಊಟಕ್ಕೆ ಬೇರೆ ಟಿಕೆಟ್ ತೆಗೆದುಕೊಂಡು, ಊಟ ಮುಗಿಸಿ, ಗೇಟು ಎಲ್ಲರಿಗೂ ತೆಗೆಯುವ ಮುಂಚೆಯೇ ಒಳಗೆ ಹೋಗುತ್ತಾರೆ. ಆ ಮುಂಚಿನ ಹೊತ್ತು ತುಂಬ ಬೆಲೆಯುಳ್ಳದ್ದು.

ಬಟ್ಟೆ ಬಗ್ಗೆ ಎರಡು ಮಾತು. ಸಂಜೆ ಐದಕ್ಕೆ ಬೆವರು ಸುರಿಯುತ್ತಿರುತ್ತದೆ, ಹನ್ನೊಂದಕ್ಕೆ ಚಳಿ. ತೆಳು ಜಾಕೆಟ್ ಒಂದು ಸೊಂಟಕ್ಕೆ ಕಟ್ಟಿಕೊಳ್ಳಿ. ಕಾಲಿಗೆ ಹಳೇ ಶೂ, ದಿನಾ ಹಾಕುವ ಶೂ. ನಾನು ಅವತ್ತು ಮನೆಗೆ ಬಂದು ಫೋನಿನಲ್ಲಿ ನೋಡಿದರೆ ಹತ್ತು ಕಿಲೋಮೀಟರ್ ನಡೆದಿದ್ದೆ. ಹಾಗೇ, ಹ್ಯಾಲೋವೀನ್ ಅಂತ ನೀವು ವೇಷ ಹಾಕಿಕೊಂಡು ಹೋಗುವ ಹಾಗಿಲ್ಲ, ಮುಖವಾಡ, ಬಣ್ಣ ಯಾವುದೂ ಇಲ್ಲ. ಯಾರು ಕಲಾವಿದರು, ಯಾರು ಬಂದವರು ಅಂತ ಗೊತ್ತಾಗಬೇಕಲ್ವಾ. ದೊಡ್ಡ ಬ್ಯಾಗ್ ಬೇಡ, ಫೋನು, ಕಾರ್ಡು, ನೀರು, ಅಷ್ಟು ಸಾಕು.

ನಾವು ಗೇಟು ತೆಗೆಯುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ನಿಂತಿದ್ದೆವು. ಒಳಗೆ ಬಿಟ್ಟ ಮೇಲೆ ಎಲ್ಲರೂ ಮೊದಲು ಕಂಡ ಮನೆಯ ಮುಂದೆಯೇ ಸಾಲು ಕಟ್ಟುತ್ತಾರೆ. ನಾವು ಹೋದ ಸಲ ಮಾಡಿದ್ದೂ ಅದನ್ನೇ. ಈ ಸಲ ಅಕ್ಕನ ಮಗಳು ಮ್ಯಾಪ್ ಹಿಡಿದುಕೊಂಡು ಮುಂದೆ ನಡೆದಳು, ನಾವು ಹಿಂದೆ, ಎಲ್ಲಿಯೂ ನಿಲ್ಲದೆ ಪಾರ್ಕಿನ ಆ ತುದಿಗೆ. ಅಲ್ಲಿನ ಎರಡು ಮನೆಗಳನ್ನು ಕಾಲು ಗಂಟೆಯೊಳಗೆ ಮುಗಿಸಿಬಿಟ್ಟೆವು. ಜನ ಹಿಂದಿನಿಂದ ತುಂಬಿಕೊಂಡು ಬರುವಷ್ಟರಲ್ಲಿ ನಾವು ನಾಲ್ಕನೆಯದಕ್ಕೆ ಬಂದಿದ್ದೆವು. ಒಂಬತ್ತರಿಂದ ಹನ್ನೊಂದರ ತನಕ ಎಲ್ಲ ಕಡೆ ಸಾಲು ಉದ್ದ, ಆಗ ಮನೆಗಳಿಗೆ ಹೋಗಬೇಡಿ. ಆಗ ಬೀದಿ ನೋಡಿ.

ಬೀದಿ ಅಂದೆನಲ್ಲ, ನನ್ನ ಪ್ರಕಾರ ನಾಟ್ಸ್‌ನ ಜೀವ ಇರುವುದು ಅಲ್ಲಿ. ದೆವ್ವದ ಮನೆ ಎಲ್ಲ ಪಾರ್ಕಿನಲ್ಲೂ ಇರುತ್ತದೆ. ಘೋಸ್ಟ್ ಟೌನ್‌ನಂಥ ಬೀದಿ ಬೇರೆಲ್ಲೂ ಇಲ್ಲ. ಹೊಗೆ ಎಷ್ಟು ದಟ್ಟ ಅಂದರೆ ನಾಲ್ಕು ಹೆಜ್ಜೆ ಮುಂದಿರುವ ಗಂಡನ ಬೆನ್ನೂ ಕಾಣಲಿಲ್ಲ. ಮರದ ಹಲಗೆಯ ಮೇಲೆ ಯಾರೋ ನಡೆಯುವ ಶಬ್ದ. ಎಲ್ಲೋ ತಗಡಿನ ಡಬ್ಬಿಯೊಳಗೆ ಏನೋ ಹಾಕಿ ಗಲಗಲ ಅಲ್ಲಾಡಿಸುತ್ತಾರೆ. ಆಮೇಲೆ ಇದ್ದಕ್ಕಿದ್ದಂತೆ ನೆಲದ ಮೇಲೆ ಚರ್‌ರ್ ಅಂತ ಕಬ್ಬಿಣ ಉಜ್ಜಿದ ಸದ್ದು, ಕಿಡಿ, ಕಾಲ ಬುಡದಲ್ಲಿ ಒಂದು ಮುಖ.

ಇವರಿಗೆ ಸ್ಲೈಡರ್ ಅನ್ನುತ್ತಾರೆ. ಮಂಡಿಗೆ ಲೋಹದ ಕವಚ, ಕೈಗವುಸಿಗೂ ಲೋಹದ ತುಂಡು. ದೂರದಿಂದ ಓಡಿ ಬಂದು ಮಂಡಿ ಊರಿ ಜಾರಿಕೊಂಡು ಬರುತ್ತಾರೆ, ನಿಮ್ಮ ಶೂ ಮುಟ್ಟುವುದಕ್ಕೆ ಒಂದು ಗೇಣು ಇರುವಾಗ ನಿಲ್ಲುತ್ತಾರೆ. ಈ ವಿದ್ಯೆ ಬೆಳೆದದ್ದೇ ಈ ಬೀದಿಯಲ್ಲಿ, ಇಲ್ಲಿಂದ ಬೇರೆ ಪಾರ್ಕುಗಳಿಗೆ ಹೋಯಿತು. ಮೊದಲ ವರ್ಷ ನಾನು ತಲೆ ತಗ್ಗಿಸಿ ಗಂಡನ ತೋಳು ಹಿಡಿದು ಬೀದಿ ದಾಟಿಬಿಟ್ಟಿದ್ದೆ, ಇದು ಯಾವುದನ್ನೂ ನೋಡಿರಲಿಲ್ಲ. ಎರಡನೇ ವರ್ಷ ಅಂಗಡಿ ಜಗಲಿಯ ಕಂಬಕ್ಕೆ ಒರಗಿ ಅರ್ಧ ಗಂಟೆ ನಿಂತು ನೋಡಿದೆವು. ಸುಮಾರು ಇಪ್ಪತ್ತರ ಒಬ್ಬ ಹುಡುಗ, ಸತ್ತುಹೋದ ಕೌಬಾಯ್‌ನ ವೇಷ. ಒಂದು ಗುಂಪನ್ನು ಆರಿಸಿಕೊಳ್ಳುತ್ತಾನೆ. ಅದರಲ್ಲಿ ಜಾಸ್ತಿ ಮಾತಾಡುತ್ತಿರುವವನನ್ನಲ್ಲ, ಸುಮ್ನೆ ಪಕ್ಕದಲ್ಲಿ ಬರುತ್ತಿರುವವನನ್ನು ನೋಡಿಟ್ಟುಕೊಳ್ಳುತ್ತಾನೆ. ಹೊಗೆಯೊಳಗೆ ಕರಗುತ್ತಾನೆ. ಆ ಗುಂಪು ದೀಪದ ಕಂಬ ದಾಟಿ ಕತ್ತಲಿಗೆ ಕಾಲಿಟ್ಟ ಕ್ಷಣವೇ ಬರುತ್ತಾನೆ. ಒಂದು ಸಲವೂ ಲೆಕ್ಕ ತಪ್ಪಲಿಲ್ಲ.

ನಮ್ಮನೆಯವರು ಸಾಗರದ ಕಡೆಯವರು. ಚಿಕ್ಕಂದಿನಲ್ಲಿ ಯಕ್ಷಗಾನದ ಚೌಕಿಯಲ್ಲಿ ಕೂತು ರಾಕ್ಷಸ ವೇಷದವರು ಗಂಟೆಗಟ್ಟಲೆ ಮುಖಕ್ಕೆ ಬಣ್ಣ ಬರೆದುಕೊಳ್ಳುವುದನ್ನು ನೋಡುತ್ತಿದ್ದರಂತೆ. ಬಣ್ಣದ ವೇಷ ರಂಗಕ್ಕೆ ಬರುವಾಗ ದೊಂದಿ ಹಿಡಿದು ರಾಳದ ಪುಡಿ ಎರಚುತ್ತಾರೆ, ಬುಸ್ ಅಂತ ಬೆಂಕಿ ಏಳುತ್ತದೆ, ಜೊತೆಗೆ ಆ ಆರ್ಭಟ. ಎದುರಿನ ಚಾಪೆಯಲ್ಲಿ ನಿದ್ದೆಗಣ್ಣಲ್ಲಿದ್ದ ಮಕ್ಕಳೆಲ್ಲ ಎದ್ದು ಅಮ್ಮನ ಮಡಿಲು ಸೇರುತ್ತಿದ್ದವು. ಆ ಸ್ಲೈಡರ್ ಹುಡುಗನ ಕಿಡಿ ನೋಡಿ ಅವರು ಅದನ್ನೇ ನೆನಪು ಮಾಡಿಕೊಂಡರು. "ಬಣ್ಣ ಮಾಡುವವನನ್ನು ನೋಡಿದ ಮೇಲೂ ನನಗೆ ಆ ವೇಷ ಕಂಡರೆ ಭಯ ಆಗ್ತಿತ್ತು ಕಣೇ" ಅಂದರು. ನನಗೆ ಆ ರಾತ್ರಿ ಬಾಗಿಲು ತೆರೆದದ್ದು ಆ ಮಾತಿನಿಂದ. ಅಲ್ಲಿಯವರೆಗೆ ನಾನು ಹೆದರಬಾರದು, ಗೆಲ್ಲಬೇಕು ಅಂತ ನಡೆಯುತ್ತಿದ್ದೆ. ಆಮೇಲೆ ನೋಡಬೇಕು ಅಂತ ನಡೆದೆ.

ಇದು ಅನುಭವದಿಂದ ಕಲಿತದ್ದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ದೆವ್ವದ ಮನೆಗೆ ಅಲ್ಲಿ ಇಂಗ್ಲಿಷಿನಲ್ಲಿ ಮೇಜ್, ಅಂದರೆ ಚಕ್ರವ್ಯೂಹ, ಅನ್ನುತ್ತಾರೆ, ಆದರೆ ದಾರಿ ತಪ್ಪುವ ಭಯ ಇಲ್ಲ, ಒಂದೇ ದಾರಿ, ಕೋಣೆಯಿಂದ ಕೋಣೆಗೆ ಹೋಗುತ್ತಾ ಐದು ಹತ್ತು ನಿಮಿಷದಲ್ಲಿ ಹೊರಗೆ ಬರುತ್ತೀರಿ. ಕಣ್ಣು ಮುಚ್ಚಿಕೊಂಡು ಮುಂದಿನವರ ಅಂಗಿ ಹಿಡಿದು ಓಡಿದರೆ ಮೂರು ನಿಮಿಷ. ನಾನು ಹೋದ ವರ್ಷ ಮಾಡಿದ್ದು ಹಾಗೇ. ಹೊರಗೆ ಬಂದ ಮೇಲೆ ಒಳಗೆ ಏನಿತ್ತು ಅಂದರೆ ಹೇಳುವುದಕ್ಕೆ ಏನೂ ಇರಲಿಲ್ಲ. ಈ ಸಲ ಅಕ್ಕನ ಮಗಳು ಬಾಗಿಲಲ್ಲೇ ಹೇಳಿದಳು: "ಕಣ್ಣು ಬಿಟ್ಕೊಂಡು ನಡಿ ಚಿಕ್ಕಮ್ಮ, ಗೋಡೆ ನೋಡು."

ಗೋಡೆ ನೋಡಿದೆ. ಗೋಡೆ ಕಾಗದ ಸುಲಿದು ಅದರ ಹಿಂದೆ ಇನ್ನೊಂದು ಹಳೇ ಕಾಗದ, ಅದರ ಮೇಲೆ ಮಗುವಿನ ಕೈಯಲ್ಲಿ ಗೀಚಿದ ಹಾಗೆ ಎತ್ತರ ಅಳೆದ ಗೆರೆಗಳು. ಮೂಲೆಯಲ್ಲಿ ಊಟದ ಮೇಜು, ತಟ್ಟೆಗಳಲ್ಲಿ ಧೂಳು. ಯಾರೂ ನಿಂತು ನೋಡದ ಆ ಮೂಲೆಗೂ ಯಾರೋ ಇಷ್ಟು ಶ್ರಮ ಹಾಕಿದ್ದಾರೆ. ಅದನ್ನು ನೋಡುತ್ತಿರುವಾಗಲೇ ಎಡಗಡೆ ಚಿತ್ರಪಟ ಸರ್ರನೆ ಕೆಳಗಿಳಿದು ಅದರ ಹಿಂದಿನಿಂದ ಒಬ್ಬಳು ಅರಚಿದಳು. ನಾನು ಎಷ್ಟು ಎತ್ತರ ಹಾರಿದೆನೋ ಗೊತ್ತಿಲ್ಲ, ಹಿಂದಿನವರ ಕಾಲು ತುಳಿದಿದ್ದೆ. ಆಮೇಲೆ ನಗು ತಡೆಯಲಾಗಲಿಲ್ಲ.

ಎರಡು ಮೂರು ಮನೆ ಆದ ಮೇಲೆ ದೆವ್ವದ ವೇಷ ಹಾಕಿದವರ ಕೆಲಸದ ರೀತಿ ಅರ್ಥವಾಗುತ್ತದೆ. ಒಂದು ಕಡೆ ನಿಮ್ಮ ಕಣ್ಣು ಎಳೆಯುತ್ತಾರೆ, ಇನ್ನೊಂದು ಕಡೆಯಿಂದ ಬರುತ್ತಾರೆ. ಮುಂದೆ ಒಂದು ಗೊಂಬೆ ಅಲ್ಲಾಡುತ್ತಿದ್ದರೆ ದೆವ್ವ ಇರುವುದು ಪಕ್ಕದ ಕಿಂಡಿಯಲ್ಲಿ. ಹೆದರಿಸಿ ನಿಮ್ಮನ್ನು ಹಿಂದಕ್ಕೆ ತಳ್ಳದೆ ಮುಂದಕ್ಕೆ ಓಡಿಸುತ್ತಾರೆ, ಸಾಲು ನಿಲ್ಲಬಾರದಲ್ಲ. ಒಬ್ಬರನ್ನು ಹೆದರಿಸಿದ ಮೇಲೆ ಮತ್ತೆ ಬಚ್ಚಿಟ್ಟುಕೊಳ್ಳುವುದಕ್ಕೆ ಅವರಿಗೆ ಎರಡು ಕ್ಷಣ ಬೇಕು. ಹಾಗಾಗಿ ಮುಂದಿನ ಗುಂಪಿಗೆ ಅಂಟಿಕೊಂಡು ನಡೆದರೆ ಅವರ ಕಿರುಚಾಟವೇ ನಿಮಗೆ ಎಲ್ಲವನ್ನೂ ಹೇಳಿಬಿಡುತ್ತದೆ, ನಿಮ್ಮ ಪಾಲಿಗೆ ದೆವ್ವ ವಾಪಸ್ ಗೂಡಿಗೆ ಹೋಗುತ್ತಿರುವುದು ಮಾತ್ರ ಕಾಣುತ್ತದೆ. ನಾಲ್ಕೈದು ಹೆಜ್ಜೆ ಬಿಟ್ಟು ನಡೆಯಿರಿ. ನಿಲ್ಲಬೇಡಿ, ಸ್ವಲ್ಪ ನಿಧಾನ ಮಾಡಿ, ಅಷ್ಟೇ.

ಇನ್ನೊಂದು, ಅವರನ್ನು ಮುಟ್ಟಬೇಡಿ. ಅವರೂ ನಿಮ್ಮನ್ನು ಮುಟ್ಟುವುದಿಲ್ಲ. ಈ ನಿಯಮ ಗೊತ್ತಿದ್ದರೆ ಅರ್ಧ ಭಯ ಹಗುರಾಗುತ್ತದೆ. ನಾನು ಚಿಕ್ಕವಳಿದ್ದಾಗ ಮೈಸೂರು ದಸರಾ ವಸ್ತುಪ್ರದರ್ಶನದಲ್ಲಿ ಭೂತ ಬಂಗಲೆ ಅಂತ ಒಂದು ಟೆಂಟಿಗೆ ಅಪ್ಪ ಕರೆದುಕೊಂಡು ಹೋಗಿದ್ದರು. ಕತ್ತಲಲ್ಲಿ ಯಾರೋ ನನ್ನ ಕಾಲು ಹಿಡಿದು ಎಳೆದರು. ಆ ಹಿಡಿತ ನನಗೆ ಎಷ್ಟೋ ವರ್ಷ ಕನಸಿನಲ್ಲಿ ಬರುತ್ತಿತ್ತು, ದೆವ್ವದ ಮನೆ ಅಂದರೆ ಅದೇ ನೆನಪಾಗುತ್ತಿತ್ತು. ಇಲ್ಲಿ ಎಷ್ಟೇ ಹತ್ತಿರ ಬಂದರೂ ಕೈ ತಾಗುವುದಿಲ್ಲ ಅನ್ನುವ ನಂಬಿಕೆ ಇದ್ದದ್ದರಿಂದಲೇ ನಾನು ಅವರ ಮುಖವನ್ನು ನೋಡುವ ಹಾಗಾಯಿತು. ಕೆಲವು ಹುಡುಗರು ಗೆಳೆಯರ ಮುಂದೆ ಧೈರ್ಯ ತೋರಿಸುವುದಕ್ಕೆ ಅವರ ಮುಖಕ್ಕೆ ಫೋನಿನ ಲೈಟ್ ಬಿಡುತ್ತಾರೆ, ಅವಾಚ್ಯ ಬೈಯುತ್ತಾರೆ, ಗುದ್ದುವ ಹಾಗೆ ಕೈ ಎತ್ತುತ್ತಾರೆ. ನೋಡಿ ನನಗೆ ತುಂಬ ಬೇಸರವಾಯಿತು. ಆ ಮುಖವಾಡದ ಹಿಂದೆ ರಾತ್ರಿಯಿಡೀ ಬೆವರುತ್ತಾ, ನೂರಾರು ಸಲ ಒಂದೇ ಕೂಗು ಕೂಗುತ್ತಾ ನಿಂತಿರುವ ಒಂದು ಜೀವ ಇದೆ.

ಮನೆಯೊಳಗೆ ನಿಜಕ್ಕೂ ಆಗುವುದಿಲ್ಲ ಅನ್ನಿಸಿದರೆ ನಾಚಿಕೆ ಬೇಡ. ಅಲ್ಲಲ್ಲಿ ಸಿಬ್ಬಂದಿ ನಿಂತಿರುತ್ತಾರೆ, ಹೇಳಿದರೆ ಪಕ್ಕದ ಬಾಗಿಲಿನಿಂದ ಹೊರಗೆ ಕಳಿಸುತ್ತಾರೆ. ನನಗೆ ಉಸಿರು ಕಟ್ಟಿಸುವಂಥದ್ದು ಎರಡೂ ಕಡೆಯಿಂದ ಗಾಳಿ ತುಂಬಿದ ಬಟ್ಟೆಯ ಗೋಡೆ ಒತ್ತುವ ದಾರಿ, ಅದರಲ್ಲಿ ಏನೂ ಕಾಣುವುದಿಲ್ಲ. ಅಲ್ಲಿ ಕೈ ಎದೆಯ ಮುಂದೆ ಮಡಿಚಿಕೊಂಡು, ನೆಲ ನೋಡುತ್ತಾ, ಬಾಯಲ್ಲಿ ಒಂದು ಎರಡು ಮೂರು ಅಂತ ಎಣಿಸಿದೆ. ಇಪ್ಪತ್ತೆರಡಕ್ಕೆ ಹೊರಗೆ ಬಂದೆ. ಭಯ ಜಾಸ್ತಿ ಇರುವವರು ಗುಂಪಿನ ಮಧ್ಯೆ ನಡೆಯಿರಿ, ಎಲ್ಲಕ್ಕಿಂತ ಹಿಂದೆ ಮಾತ್ರ ಬೇಡ. ಹಿಂದೆ ಬರುವವರನ್ನು ಅವರು ಬಿಡುವುದಿಲ್ಲ.

ಹತ್ತು ಗಂಟೆಗೆ ಕೂತು ಬಾಯ್ಸನ್‌ಬೆರಿ ಪೈ ತಿಂದೆವು. ಹುಳಿ ಸಿಹಿ ಎರಡೂ ಸರಿಯಾಗಿರುತ್ತದೆ, ಬಿಡಬೇಡಿ. ರೋಲರ್ ಕೋಸ್ಟರ್ ಇಷ್ಟಪಡುವವರು ಈ ಹೊತ್ತಿನಲ್ಲಿ ಅದಕ್ಕೆ ಹೋಗಬಹುದು, ಎಲ್ಲರೂ ದೆವ್ವದ ಮನೆಗಳ ಮುಂದೆ ನಿಂತಿರುವುದರಿಂದ ಅಲ್ಲಿ ಸಾಲು ಚಿಕ್ಕದು. ಘೋಸ್ಟ್‌ರೈಡರ್ ಅಂತ ಮರದ್ದೊಂದು ಇದೆ, 1998ರದ್ದು, ಕತ್ತಲಲ್ಲಿ ಅದು ಬೇರೆಯೇ ಅನುಭವ. ಮರ ಕಟಕಟ ಅನ್ನುತ್ತದೆ, ಕೆಳಗೆ ಬರೀ ಹೊಗೆ. ನಾನು ಒಂದೇ ಸಲ ಹತ್ತಿದೆ, ಅವರಿಬ್ಬರೂ ಎರಡು ಸಲ.

ಅಲ್ಲಿ ಕೂತಿದ್ದಾಗ ಅಕ್ಕನ ಮಗಳು ಕೇಳಿದಳು, ನಿಮ್ಮ ಕಾಲದಲ್ಲಿ ಹೆದರಿಸೋಕೆ ಏನಿತ್ತು ಅಂತ. ಅವಳಿಗೆ "ನಾಳೆ ಬಾ" ಕಥೆ ಹೇಳಿದೆ. ತೊಂಬತ್ತರ ದಶಕದಲ್ಲಿ ಒಂದು ದೆವ್ವ ರಾತ್ರಿ ಮನೆ ಮನೆಗೆ ಬರುತ್ತದೆ, ಮನೆಯವರದೇ ಧ್ವನಿಯಲ್ಲಿ ಕೂಗುತ್ತದೆ, ಬಾಗಿಲು ತೆಗೆದರೆ ಮುಗಿಯಿತು ಅಂತ ಸುದ್ದಿ. ಅದಕ್ಕೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು. ಅದು ಓದಿ ವಾಪಸ್ ಹೋಗಿ, ಮರುದಿನ ಬಂದು, ಮತ್ತೆ ಓದಿ ಹೋಗುತ್ತದಂತೆ. ನಮ್ಮ ಮನೆ ಬಾಗಿಲಿಗೆ ಅಕ್ಕ, ಅಂದರೆ ಇವಳ ಅಮ್ಮ, ಸೀಮೆಸುಣ್ಣದಲ್ಲಿ ಬರೆದಿದ್ದಳು. ನಾನು ಪಕ್ಕದಲ್ಲಿ ಲಾಟೀನು ಹಿಡಿದು ನಿಂತಿದ್ದೆ. ಆ ರಾತ್ರಿಗಳಲ್ಲಿ ನಾವಿಬ್ಬರೂ ಒಂದೇ ಕಂಬಳಿಯೊಳಗೆ ಕೈ ಹಿಡಿದುಕೊಂಡು ಮಲಗುತ್ತಿದ್ದೆವು. ಇವಳು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಅಮ್ಮಂಗೂ ಭಯ ಆಗ್ತಿತ್ತಾ?" ಅಂತ ಕೇಳಿದಳು.

ಹನ್ನೊಂದೂವರೆ ಆದ ಮೇಲೆ ಮತ್ತೆ ಮನೆಗಳ ಕಡೆ ಹೋದೆವು. ಸಾಲು ಕರಗಿತ್ತು. ಹೆಚ್ಚಿನವರು ಸುಸ್ತಾಗಿ ಹೊರಟಿರುತ್ತಾರೆ, ಕೊನೆಯ ಒಂದು ಒಂದೂವರೆ ಗಂಟೆ ನಿಮ್ಮದು. ಮನೆಯೊಂದಕ್ಕೆ ನಾವು ಮೂವರೇ ಹೊಕ್ಕೆವು, ಹಿಂದೆ ಮುಂದೆ ಯಾರೂ ಇಲ್ಲ. ಅಲ್ಲಿಯ ಭಯವೇ ಬೇರೆ. ಚಿತ್ರಪಟದ ಹಿಂದಿದ್ದ ಹುಡುಗಿಯ ಮನೆಗೂ ಎರಡನೇ ಸಲ ಹೋದೆವು. ಎಲ್ಲಿಂದ ಬರುತ್ತಾಳೆ ಅಂತ ಗೊತ್ತಿತ್ತು, ಆ ಪಟದ ಕಡೆಯೇ ಕಣ್ಣಿಟ್ಟು ನಡೆದೆ. ಅವಳು ಪಟ ಇಳಿಸಲಿಲ್ಲ. ನಾನು ದಾಟಿ ಎರಡು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಕಿವಿಯ ಹತ್ತಿರ ಮೆಲ್ಲಗೆ, ತುಂಬ ಮೆಲ್ಲಗೆ ಉಸಿರು ಬಿಟ್ಟಳು. ನಾನು ಕಿರುಚಿದ್ದಕ್ಕೆ ಮುಂದಿದ್ದ ಇಬ್ಬರೂ ಕಿರುಚಿದರು. ತಿರುಗಿ ಅವಳ ಕಡೆ ನೋಡಿ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದೆ. ಅವಳು ವೇಷ ಬಿಟ್ಟುಕೊಡಲಿಲ್ಲ, ತಲೆ ಒಂದು ಕಡೆ ವಾಲಿಸಿ ಕತ್ತಲಿಗೆ ಸರಿದಳು.

ಕಾರಿನಲ್ಲಿ ಕೂತ ಮೇಲೆ ಅಕ್ಕನ ಮಗಳು ಮೈಸೂರಿಗೆ ಫೋನ್ ಮಾಡಿದಳು. ಅಲ್ಲಿ ಮಧ್ಯಾಹ್ನ. ಅಕ್ಕ ಊಟ ಮಾಡಿ ಮಲಗುವುದರಲ್ಲಿದ್ದಳು, ಇಷ್ಟು ರಾತ್ರಿಯಲ್ಲಿ ಎಲ್ಲಿದ್ದೀರಾ ಅಂತ ಗಾಬರಿಯಾದಳು. "ಅಮ್ಮಾ, ನಾಳೆ ಬಾ ಅಂತ ಬಾಗಿಲ ಮೇಲೆ ನೀನೇ ಬರೆದಿದ್ದಂತೆ?" ಅಂತ ಇವಳು ಕೇಳಿದಳು. ಆ ಕಡೆಯಿಂದ ಅಕ್ಕ ಜೋರಾಗಿ ನಕ್ಕಳು. ಫ್ರೀವೇ ಹತ್ತಿ ಮನೆ ಸೇರುವ ತನಕ ಇಬ್ಬರೂ ಮಾತಾಡುತ್ತಲೇ ಇದ್ದರು. ನನ್ನ ಜಾಕೆಟ್ಟಿನಿಂದ ಇನ್ನೂ ಹೊಗೆಯ ವಾಸನೆ ಬರುತ್ತಿತ್ತು.